ಗುಡ್ಡದ ಬದಿಯಲ್ಲಿ ಮನೆಯಿದ್ದರೆ: ಮಳೆಗಾಲಕ್ಕೆ ಹಂತ ಹಂತವಾಗಿ ತಯಾರಿ

ಮೇ ತಿಂಗಳು ಅರ್ಧ ಆಗುತ್ತಿದ್ದ ಹಾಗೆ ಓದುಗರಿಂದ ಅದೇ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಮನೆ ಹಿಂದೆ ಬರೆ ಇದೆ, ಈ ಮಳೆಗಾಲ ಅಲ್ಲೇ ಇರಬಹುದಾ? ಮನೆ ಬಿಡಬೇಕು ಅಂತ ಯಾವಾಗ ಗೊತ್ತಾಗುತ್ತದೆ? ಚೀಲದಲ್ಲಿ ಏನೇನು ಇಟ್ಟುಕೊಳ್ಳಬೇಕು? ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಶಿವಮೊಗ್ಗ, ಉತ್ತರ ಕನ್ನಡ, ಘಟ್ಟದ ಬುಡದಲ್ಲಿರುವ ದಕ್ಷಿಣ ಕನ್ನಡ ಮತ್ತು ಉಡುಪಿಯ ಹಳ್ಳಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ಮೊದಲು ಕೆಲವು ತಾರೀಖು ನೋಡಿ. ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಇಳಿದದ್ದು 2018ರ ಆಗಸ್ಟ್ ನಡುವೆ. ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ 2019ರ ಆಗಸ್ಟ್. ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದದ್ದು 2020ರ ಆಗಸ್ಟ್ ಮೊದಲ ವಾರ. ಅಂಕೋಲಾ ತಾಲ್ಲೂಕಿನ ಶಿರೂರು 2024ರ ಜುಲೈ 16. ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಅದೇ ವರ್ಷದ ಜುಲೈ 30. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳಿದರೆ ಇವೆಲ್ಲ ಪುನರ್ವಸು, ಪುಷ್ಯ, ಆಶ್ಲೇಷ ಮಳೆ, ಹೆಚ್ಚೆಂದರೆ ಮಖೆಯ ಮೊದಲ ದಿನ. ಜೂನ್ ಪೂರ್ತಿ ನೀರು ಕುಡಿದು ತುಂಬಿದ ಮಣ್ಣಿನ ಮೇಲೆ ಇನ್ನೊಂದು ಜೋರು ಮಳೆ ಬೀಳುವುದು ಆಗಲೇ. ಅಂದರೆ ತಯಾರಿಗೆ ನಮಗೆ ಮೇ ಮತ್ತು ಜೂನ್ ಇದೆ. ಜುಲೈ 10ರ ನಂತರ ಮಾಡುವ ಕೆಲಸ ಬಹುಪಾಲು ತಡವಾದ ಕೆಲಸ.

ಕೆಳಗೆ ಎರಡು ಮಾತು ಪದೇ ಪದೇ ಬರುತ್ತವೆ. ಬರೆ ಅಂದರೆ ಮನೆಗೋ ರಸ್ತೆಗೋ ಜಾಗ ಮಾಡಲು ಗುಡ್ಡ ಕಡಿದಾಗ ಉಳಿಯುವ ನೆಟ್ಟನೆಯ ಮಣ್ಣಿನ ಗೋಡೆ. ಕೆಲವು ಕಡೆ ಧರೆ ಅನ್ನುತ್ತಾರೆ. ಜಲ ಏಳುವುದು ಅಂದರೆ ಮಣ್ಣು ತುಂಬಿ ನೆಲದಿಂದಲೋ ಬರೆಯಿಂದಲೋ ಹೊಸದಾಗಿ ನೀರು ಒಸರುವುದು.

ಹಂತ 1: ಮಳೆಗೆ ಮುಂಚೆ ಮನೆ ಸುತ್ತ ನಡೆದು ನೋಡಿ

ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಟೇಪು, ಪೆನ್ಸಿಲ್, ಒಂದು ಹಳೇ ನೋಟ್‌ಬುಕ್ ಸಾಕು. ಅಂಗಳದಿಂದ ಶುರು ಮಾಡಬೇಡಿ. ಮನೆಯ ಮೇಲ್ಗಡೆ ಗುಡ್ಡ ಹತ್ತಿ, ಅಲ್ಲಿಂದ ಕೆಳಗೆ ಇಳಿಯುತ್ತಾ ನೋಡಿ. ಅಪಾಯ ಶುರುವಾಗುವುದು ನಮ್ಮ ಕಣ್ಣಿಗೆ ಬೀಳದ ಆ ಮೇಲಿನ ಜಾಗದಲ್ಲಿ.

ಮೇಲೆ ನೆಲದಲ್ಲಿ ಬಿರುಕು ಇದೆಯಾ ನೋಡಿ. ಬೇಸಿಗೆಯಲ್ಲಿ ಒಣಗಿ ಬಿಡುವ ಸಣ್ಣ ಬಿರುಕು ಬಲೆಯ ಹಾಗೆ ಎಲ್ಲ ಕಡೆ ಹರಡಿರುತ್ತದೆ, ಅದರ ಚಿಂತೆ ಬೇಡ. ಗುಡ್ಡಕ್ಕೆ ಅಡ್ಡವಾಗಿ, ಬಿಲ್ಲಿನ ಹಾಗೆ ಬಾಗಿದ ಒಂದೇ ಉದ್ದನೆಯ ಬಿರುಕು, ಅದರ ಕೆಳಬದಿ ಒಂದೆರಡು ಬೆರಳು ತಗ್ಗಿದ್ದರೆ, ಆ ತುಂಡು ಜಾರಲು ಶುರುವಾಗಿದೆ ಅಂತಲೇ ಅರ್ಥ. ಬಿರುಕಿನ ಆಚೆ ಒಂದು, ಈಚೆ ಒಂದು ಗೂಟ ಹೊಡೆಯಿರಿ. ಎರಡೂ ಗೂಟದ ತಲೆಗೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ಅಳತೆ ತೆಗೆದು ತಾರೀಖಿನ ಜೊತೆ ಬರೆದಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಳೆದರೆ ಗುಡ್ಡ ನಿಂತಿದೆಯಾ, ನಡೆಯುತ್ತಿದೆಯಾ ನಿಮಗೇ ಗೊತ್ತಾಗುತ್ತದೆ. ಜೋರು ಮಳೆಯ ದಿನ ಮಾತ್ರ ಅಳೆಯಲು ಮೇಲೆ ಹತ್ತಬೇಡಿ.

ಗೋಡೆಯ ಬಿರುಕಿಗೂ ಇಂಥದ್ದೇ ಉಪಾಯ. ಬಿರುಕಿಗೆ ಅಡ್ಡವಾಗಿ ಪೆನ್ಸಿಲ್‌ನಲ್ಲಿ ಒಂದು ನೇರ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಗೆರೆಯ ಎರಡು ತುಂಡು ಒಂದಕ್ಕೊಂದು ಸೇರದೆ ಮೇಲೆ ಕೆಳಗೆ ಆಗಿದ್ದರೆ ತಳಪಾಯ ಅಲ್ಲಾಡಿದೆ.

ಮರಗಳು ಕೂಡ ಮಾತಾಡುತ್ತವೆ. ಕಾಫಿ ತೋಟದ ಸಿಲ್ವರ್ ಓಕ್ ನೆಟ್ಟಗೆ ಬೆಳೆಯುವ ಮರ. ಒಂದೇ ಕಡೆಯ ನಾಲ್ಕೈದು ಮರ ಒಟ್ಟಿಗೆ ಓರೆಯಾಗಿದ್ದರೆ, ಕರೆಂಟ್ ಕಂಬ ವಾಲಿದ್ದರೆ, ಬೇಲಿಯ ಸಾಲು ಡೊಂಕಾಗಿದ್ದರೆ ಅಡಿಯ ಮಣ್ಣು ಸರಿಯುತ್ತಿದೆ.

ಮನೆ ಎರಡು ಗುಡ್ಡದ ಮಡಿಕೆಯ ಬಾಯಲ್ಲಿದೆಯಾ? ತೋಟದಲ್ಲಿ ಎಲ್ಲಿಂದಲೋ ಉರುಳಿ ಬಂದ ಹಾಗೆ ದೊಡ್ಡ ದೊಡ್ಡ ಬಂಡೆಗಳು ಮಣ್ಣಿನ ಜೊತೆ ಕಲಸಿಕೊಂಡು ಬಿದ್ದಿವೆಯಾ? ಹಿಂದೆ ಯಾವಾಗಲೋ ಗುಡ್ಡ ಆ ದಾರಿಯಲ್ಲಿ ಇಳಿದಿರಬಹುದು. ಬೇಸಿಗೆಯಲ್ಲಿ ಒಣಗಿರುವ ಹಳ್ಳವಾದರೂ ಅದು ಹಳ್ಳವೇ, ಅದರ ದಾರಿಯಲ್ಲಿ ಕೊಟ್ಟಿಗೆ, ಶೆಡ್ ಏನೂ ಬೇಡ.

ಬರೆಯ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಕರಾವಳಿ ಮತ್ತು ಘಟ್ಟದ ಬುಡದಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಬಿಳಿ ಅಥವಾ ಗುಲಾಬಿ ಬಣ್ಣದ ನುಣ್ಣನೆಯ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಕಲ್ಲಿನ ಹಾಗೆ ನಿಲ್ಲುತ್ತದೆ, ನೆನೆದರೆ ಬೆಣ್ಣೆಯ ಹಾಗೆ ಜಾರುತ್ತದೆ. ಮೇಲೆ ಮುರಕಲ್ಲು ಇದೆ, ಏನೂ ಆಗಲ್ಲ ಅಂತ ತುಂಬ ಜನ ಧೈರ್ಯವಾಗಿ ಇರುತ್ತಾರೆ. ಜಾರುವುದು ಕಲ್ಲಲ್ಲ, ಅದರ ಅಡಿಯ ಶೇಡಿ.

ಕೊನೆಗೆ ಅಂತರ. ಬರೆ ಎಷ್ಟು ಎತ್ತರ ಇದೆಯೋ ಕನಿಷ್ಠ ಅಷ್ಟಾದರೂ ದೂರದಲ್ಲಿ ಮನೆಯ ಗೋಡೆ ಇಲ್ಲದಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ. ಮಂಚವನ್ನು ಮುಂದಿನ ಕೋಣೆಗೆ ಎಳೆದರೆ ಆಯಿತು, ಒಂದು ರೂಪಾಯಿ ಖರ್ಚಿಲ್ಲ. ಈ ಲೇಖನದಲ್ಲಿ ಬೇರೇನೂ ಮಾಡದಿದ್ದರೂ ಇದನ್ನೊಂದು ಮಾಡಿ.

ಹಂತ 2: ನೀರಿಗೆ ದಾರಿ ಬಿಡಿಸಿ

ಗುಡ್ಡವನ್ನು ಕೆಡಹುವುದು ಒಳಗೆ ಸಿಕ್ಕಿಕೊಂಡ ನೀರು. ಮಣ್ಣಿನ ಕಣಗಳ ನಡುವೆ ನೀರು ತುಂಬಿದಾಗ ಹಿಡಿತ ಸಡಿಲವಾಗುತ್ತದೆ, ಭಾರವೂ ಏರುತ್ತದೆ. ಹಾಗಾಗಿ ನಮ್ಮ ಕೆಲಸ ಎರಡೇ: ಮೇಲಿನ ನೀರು ಬರೆಯ ಒಳಗೆ ಇಳಿಯದ ಹಾಗೆ ನೋಡುವುದು, ಇಳಿದದ್ದು ಹೊರಗೆ ಬರಲು ಬಿಡುವುದು.

ಬರೆಯ ತಲೆಯ ಮೇಲ್ಗಡೆ, ಅಂಚಿನಿಂದ ಸ್ವಲ್ಪ ಹಿಂದಕ್ಕೆ, ಒಂದು ಕಾಲುವೆ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ಒಯ್ಯಿರಿ. ಮಣ್ಣಿನ ಕಾಲುವೆಯೇ ನೀರು ಕುಡಿದರೆ ಪ್ರಯೋಜನವಿಲ್ಲ, ತಳಕ್ಕೆ ಕಲ್ಲು ಸಿಮೆಂಟ್ ಹಾಕಿ, ಆಗದಿದ್ದರೆ ಟಾರ್ಪಾಲಿನ್ ಹಾಸಿ. ಕಾಲುವೆಯ ಕೊನೆ ಪಕ್ಕದ ಮನೆಯವರ ಬರೆಯ ಮೇಲೆ ಬಿಟ್ಟರೆ ಅಪಾಯವನ್ನು ಅವರ ತಲೆಗೆ ಕಟ್ಟಿದ ಹಾಗೆ. ಮೊದಲೇ ಮಾತಾಡಿಕೊಂಡು ಒಟ್ಟಿಗೆ ಮಾಡಿ. ಬಿರುಕುಗಳಿಗೆ ಜೇಡಿ ಮಣ್ಣು ತುಂಬಿ ಕುಟ್ಟಿ, ಮೇಲೆ ಟಾರ್ಪಾಲಿನ್ ಮುಚ್ಚಿ. ತಡೆಗೋಡೆ ಇದ್ದರೆ ಅದರಲ್ಲಿ ಇಟ್ಟಿರುವ ನೀರು ಬಸಿಯುವ ಪೈಪುಗಳ ಬಾಯಿ ನೋಡಿ. ಎಲೆ, ಮಣ್ಣು, ಕಣಜದ ಗೂಡು ಕಟ್ಟಿ ಮುಚ್ಚಿರುತ್ತವೆ. ಒಂದು ಉದ್ದನೆಯ ಕಬ್ಬಿಣದ ಸರಳು ಹಾಕಿ ಬಿಡಿಸಿ. ಮಳೆ ಬಂದಾಗ ಅಲ್ಲಿಂದ ತಿಳಿ ನೀರು ಬಂದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ. ಕೆಂಪು ನೀರು ಬಂದರೆ ಹಿಂದಿನ ಮಣ್ಣು ಕರಗಿ ಬರುತ್ತಿದೆ. ಎಷ್ಟೋ ಮಳೆ ಬಂದರೂ ಒಂದು ತೊಟ್ಟೂ ಬರದಿದ್ದರೆ ನೀರು ಗೋಡೆಯ ಹಿಂದೆ ಕಟ್ಟಿ ನಿಂತಿರಬಹುದು. ಕೊನೆಯ ಎರಡಕ್ಕೂ ಹೆದರಬೇಕು.

ಇಲ್ಲಿ ಜನ ಸಾಮಾನ್ಯವಾಗಿ ಮೂರು ತಪ್ಪು ಮಾಡುತ್ತಾರೆ. ಒಂದು, ಕಡಿದಾದ ಇಳಿಜಾರಿನಲ್ಲಿ ಮನೆಯ ಮೇಲ್ಗಡೆ ಇಂಗುಗುಂಡಿ ತೋಡುವುದು. ಬಯಲು ಸೀಮೆಗೆ ಇಂಗುಗುಂಡಿ ವರ, ನಿಮ್ಮ ತಲೆಯ ಮೇಲಿನ ಗುಡ್ಡಕ್ಕೆ ಅದು ನೀರು ಕುಡಿಸುವ ಬಾಯಿ. ಶೌಚದ ಗುಂಡಿಗೂ, ಪ್ಲಾಸ್ಟಿಕ್ ಹಾಸದ ಕೃಷಿ ಹೊಂಡಕ್ಕೂ ಇದೇ ಮಾತು. ಎರಡು, ಜೂನ್ ಬಂದ ಮೇಲೆ ಜೆಸಿಬಿ ತರಿಸಿ ಬರೆ ಸವರುವುದು. ಬುಡ ಕಡಿದರೆ ಮೇಲಿನದಕ್ಕೆ ಆಸರೆ ಇಲ್ಲ. ಬರೆಗೆ ಏನೇ ಮಾಡುವುದಿದ್ದರೂ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮಾಡಿ. ಮೂರು, ಲಾವಂಚ ನೆಟ್ಟ ಕೂಡಲೇ ನಿಶ್ಚಿಂತೆ. ಲಾವಂಚದ ಬೇರು ಆಳಕ್ಕೆ ಹೋಗುತ್ತದೆ, ಮೇಲ್ಮಣ್ಣು ಕೊಚ್ಚಿ ಹೋಗುವುದನ್ನು ಚೆನ್ನಾಗಿ ತಡೆಯುತ್ತದೆ, ಖಂಡಿತ ನೆಡಿ. ಆದರೆ ಬೇರಿಗಿಂತ ಆಳದಲ್ಲಿ ಗುಡ್ಡ ಜಾರಿದರೆ ಅದರಿಂದ ತಡೆಯಲು ಆಗುವುದಿಲ್ಲ.

ಹಂತ 3: ಮಳೆಯನ್ನು ಅಳೆಯಿರಿ, ಮುನ್ಸೂಚನೆ ಓದಿ

ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣ ಕೊಡುತ್ತದೆ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಈಗ ಕ್ರಮ ತೆಗೆದುಕೊಳ್ಳಿ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.5 ಮತ್ತು ಅದಕ್ಕೂ ಮೇಲೆ ಅತ್ಯಂತ ಭಾರೀ. ತೋಟದವರು ಇಂಚು, ಸೆಂಟಿನಲ್ಲಿ ಲೆಕ್ಕ ಇಡುತ್ತೀರಲ್ವಾ, ನಿಮಗೆ ಸುಲಭವಾಗಲಿ ಅಂತ ಹೇಳುತ್ತೇನೆ: ಸರಿಸುಮಾರು ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು.

ಮುನ್ಸೂಚನೆ ಇಡೀ ಜಿಲ್ಲೆಗೆ ಸೇರಿಸಿ ಬರುತ್ತದೆ. ಪಕ್ಕದ ಊರಲ್ಲಿ ಎರಡು ಇಂಚು ಬಿದ್ದ ದಿನ ನಿಮ್ಮ ಗುಡ್ಡದ ಮೇಲೆ ಆರು ಇಂಚು ಬಿದ್ದಿರಬಹುದು. ಅದಕ್ಕೇ ಮನೆಯಲ್ಲೊಂದು ಮಳೆಮಾಪಕ ಇರಲಿ. ಕೊಳ್ಳಲು ಆಗದಿದ್ದರೆ ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರುವ ಎತ್ತರದ ಡಬ್ಬ ಸಾಕು. ಮರ, ಮಾಡು ಯಾವುದರ ಹನಿಯೂ ಬೀಳದ ತೆರೆದ ಜಾಗದಲ್ಲಿ ನೆಟ್ಟಗೆ ಇಡಿ. ಬೆಳಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ಅಳೆದು, ಬರೆದು, ನೀರು ಚೆಲ್ಲಿ. ಇಲಾಖೆಯ ದಿನವೂ 8.30ರಿಂದ 8.30ಕ್ಕೇ, ಹೋಲಿಸಲು ಸರಿಹೋಗುತ್ತದೆ. ಬಕೆಟ್ ಬೇಡ, ಅದರ ಬಾಯಿ ಅಗಲ, ಬುಡ ಕಿರಿದು, ಅಳತೆ ತಪ್ಪುತ್ತದೆ.

ಒಂದು ದಿನದ ಅಂಕಿ ಮಾತ್ರ ನೋಡಬೇಡಿ, ಹಿಂದಿನ ಮೂರು ದಿನದ್ದನ್ನು ಕೂಡಿಸಿ ನೋಡಿ. ಒಣ ಮಣ್ಣು ತಡೆದುಕೊಳ್ಳುವ ನಾಲ್ಕು ಇಂಚನ್ನು ತುಂಬಿದ ಮಣ್ಣು ತಡೆದುಕೊಳ್ಳುವುದಿಲ್ಲ.

ಫೋನಿನಲ್ಲಿ ಮೂರು ವಿಷಯ ಇರಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433. ನಿಮ್ಮ ಊರಿನ ಹೆಸರು ಹೇಳಿ ಮಳೆಯ ಮಾಹಿತಿ ಕೇಳಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್. ಸಿಡಿಲಿಗೆ ದಾಮಿನಿ ಆ್ಯಪ್. ಸಿಡಿಲಿನ ಕಾಟ ಮುಂಗಾರಿಗಿಂತ ಏಪ್ರಿಲ್, ಮೇ ಮಳೆಯಲ್ಲಿ ಜಾಸ್ತಿ. ಗುಡುಗು ಕೇಳಿಸಿತೆಂದರೆ ತೋಟದಲ್ಲಿ ಮರದಡಿ ನಿಲ್ಲದೆ ಮನೆ ಸೇರಿ.

ಶಾಲೆಗೆ ರಜೆ ಘೋಷಿಸಿಲ್ಲ, ಹಾಗಾದರೆ ಮಳೆ ಅಷ್ಟಿಲ್ಲ ಅಂತ ಲೆಕ್ಕ ಹಾಕುವವರಿದ್ದಾರೆ. ರಜೆ ಮಕ್ಕಳ ಓಡಾಟಕ್ಕೆ ಸಂಬಂಧಿಸಿದ್ದು. ನಿಮ್ಮ ಬರೆಯ ವಿಷಯ ಅದರಲ್ಲಿ ಇಲ್ಲ.

ಹಂತ 4: ಯಾವಾಗ ಹೊರಡುವುದು ಅಂತ ಈಗಲೇ ತೀರ್ಮಾನಿಸಿ

ಇಡೀ ಲೇಖನದಲ್ಲಿ ನನಗೆ ಇದೇ ಮುಖ್ಯ. ರಾತ್ರಿ ಎರಡು ಗಂಟೆಗೆ, ಕರೆಂಟ್ ಇಲ್ಲದೆ, ಮಳೆ ಹೊಯ್ಯುತ್ತಿರುವಾಗ ಕೂತು ಯೋಚಿಸಿದರೆ ಎಲ್ಲರೂ ಒಂದೇ ತೀರ್ಮಾನಕ್ಕೆ ಬರುತ್ತಾರೆ: "ಬೆಳಗಾಗಲಿ, ನೋಡೋಣ." ವಯನಾಡಿನಲ್ಲಿ ಗುಡ್ಡ ಇಳಿದದ್ದು ನಡುರಾತ್ರಿ ಕಳೆದ ಮೇಲೆ, ಜನ ಮಲಗಿದ್ದಾಗ. ಹಾಗಾಗಿ ಬಿಸಿಲಿರುವಾಗಲೇ, ಮನೆಮಂದಿ ಎಲ್ಲ ಕೂತು, ಒಂದು ಗೆರೆ ಹಾಕಿಕೊಳ್ಳಿ. ಗೆರೆ ದಾಟಿದರೆ ಚರ್ಚೆ ಇಲ್ಲ, ಹೊರಡುವುದು. ನಾನು ಹೇಳುವ ಗೆರೆಗಳು ಇವು:

ಮೊದಲ ಗೆರೆ: ಕಿತ್ತಳೆ ಎಚ್ಚರಿಕೆ, ಅಥವಾ ನಿಮ್ಮ ಡಬ್ಬದಲ್ಲಿ ಒಂದು ದಿನಕ್ಕೆ ನಾಲ್ಕೂವರೆ ಇಂಚು. ಚೀಲ ಬಾಗಿಲ ಬಳಿ ಬರಲಿ, ಫೋನ್ ಚಾರ್ಜ್ ಆಗಲಿ, ವಯಸ್ಸಾದವರು, ಬಾಣಂತಿ, ಹಾಸಿಗೆ ಹಿಡಿದವರು ಇದ್ದರೆ ಅವರನ್ನು ಆಗಲೇ ನೆಂಟರ ಮನೆಗೆ ಕಳಿಸಿ.

ಎರಡನೇ ಗೆರೆ: ಕೆಂಪು ಎಚ್ಚರಿಕೆ, ಅಥವಾ ಎಂಟು ಇಂಚು, ಅಥವಾ ಎರಡು ದಿನ ಬಿಡದೆ ನಾಲ್ಕೂವರೆ ಇಂಚಿನ ಮೇಲೆ ಬಿದ್ದು ಮೂರನೇ ದಿನವೂ ಮೋಡ ಬಿಡದಿರುವುದು. ಸಂಜೆ ನಾಲ್ಕರ ಒಳಗೆ ಎಲ್ಲರೂ ಮನೆ ಬಿಡಿ.

ಮೂರನೆಯದಕ್ಕೆ ಗಂಟೆ ನೋಡುವ ಹಾಗಿಲ್ಲ. ಬರೆಯಲ್ಲಿ ಹೊಸದಾಗಿ ಜಲ ಎದ್ದರೆ, ಇದ್ದ ಒರತೆಯ ತಿಳಿ ನೀರು ಕೆಂಪಾದರೆ, ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಂಡರೆ, ಗೋಡೆಯ ಗೆರೆ ತಪ್ಪಿದರೆ, ಮರದ ಬೇರು ಪಟಪಟನೆ ಕಡಿದುಕೊಳ್ಳುವ ಸದ್ದು ಅಥವಾ ದೂರದ ಲಾರಿಯಂಥ ಗುಡುಗುಡು ಸದ್ದು ಬಂದರೆ, ಉಟ್ಟ ಬಟ್ಟೆಯಲ್ಲೇ ಹೊರಡಿ. ಇನ್ನೊಂದು ಲಕ್ಷಣವನ್ನು ಜನ ತಪ್ಪಾಗಿ ಓದುತ್ತಾರೆ. ಜೋರು ಮಳೆ ಬೀಳುತ್ತಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ "ಅಬ್ಬಾ, ಇಳೀತು" ಅಂದುಕೊಳ್ಳಬೇಡಿ. ಮೇಲೆಲ್ಲೋ ಮಣ್ಣು ಬಿದ್ದು ಹಳ್ಳ ಕಟ್ಟಿದೆ, ಅದು ಯಾವ ಕ್ಷಣದಲ್ಲಾದರೂ ಒಡೆಯಬಹುದು.

ಆಗುಂಬೆ, ಭಾಗಮಂಡಲದಂಥ ಕಡೆ ಇರುವವರು ನಾಲ್ಕೂವರೆ ಇಂಚು ನಮಗೆ ಮಾಮೂಲು ಅನ್ನುತ್ತೀರಿ, ನಿಜ. ನೀವು ನಿಮ್ಮ ಹಳೇ ಮಳೆ ಪುಸ್ತಕ ನೋಡಿ, ಯಾವ ವರ್ಷ ಎಷ್ಟು ಬಿದ್ದಾಗ ಊರಲ್ಲಿ ಬರೆ ಕುಸಿದಿತ್ತು ಅಂತ ಹಿರಿಯರನ್ನು ಕೇಳಿ, ಗೆರೆ ಅದಕ್ಕಿಂತ ಕೆಳಗೆ ಇಟ್ಟುಕೊಳ್ಳಿ. ಹಂತ 1ರಲ್ಲಿ ಬಿರುಕು ಸಿಕ್ಕಿದ ಮನೆಯವರಿಗೆ ಮಾತ್ರ ಮೊದಲ ಗೆರೆಯೇ ಕೊನೆಯ ಗೆರೆ.

ಮೂರು ಸಲ ಹೊರಟು ಮೂರು ಸಲವೂ ಏನೂ ಆಗದೆ ವಾಪಸ್ ಬಂದರೆ ಊರವರು ನಗುತ್ತಾರೆ ಅನ್ನುವ ಸಂಕೋಚ ಇರುತ್ತದೆ. ದಯವಿಟ್ಟು ಆ ಸಂಕೋಚ ಬಿಡಿ. ಮನೆ ಹಾಗೇ ನಿಂತಿದೆ ಅಂದರೆ ಅದು ಒಳ್ಳೆಯ ಸುದ್ದಿ ಅಲ್ವಾ?

ಹಂತ 5: ಎಲ್ಲಿಗೆ, ಯಾವ ದಾರಿಯಲ್ಲಿ

ಎರಡು ಜಾಗ ಗೊತ್ತು ಮಾಡಿಕೊಳ್ಳಿ. ನಡೆದು ಹತ್ತು ನಿಮಿಷದಲ್ಲಿ ಮುಟ್ಟುವ ಒಂದು ಗಟ್ಟಿ ಜಾಗ, ದೂರದ ನೆಂಟರ ಮನೆಯೋ ಪಂಚಾಯಿತಿಯ ಕಾಳಜಿ ಕೇಂದ್ರವೋ ಇನ್ನೊಂದು. ಕಾಳಜಿ ಕೇಂದ್ರ ಅಂದರೆ ಮಳೆಯ ಹೊತ್ತಲ್ಲಿ ಸರ್ಕಾರ ಶಾಲೆ, ಸಮುದಾಯ ಭವನಗಳಲ್ಲಿ ತೆರೆಯುವ ಆಸರೆ. ನಿಮ್ಮ ಊರಿಗೆ ಯಾವ ಕಟ್ಟಡ ಅಂತ ಗ್ರಾಮ ಪಂಚಾಯಿತಿಯಲ್ಲಿ ಜೂನ್‌ಗೆ ಮುಂಚೆಯೇ ಕೇಳಿ.

ದಾರಿಯನ್ನು ಮಳೆಗಾಲದ ಕಣ್ಣಿನಲ್ಲಿ ನೋಡಿ. ಕಾಲುಸಂಕ ಇದೆಯಾ? ಹಳ್ಳ ದಾಟಬೇಕಾ? ರಸ್ತೆ ಬದಿಯ ಬರೆ ಎಷ್ಟು ಎತ್ತರ? 2018ರಲ್ಲಿ ಜೋಡುಪಾಲದ ಬಳಿ ಕುಸಿದಾಗ ಮಡಿಕೇರಿ, ಸಂಪಾಜೆ ನಡುವಿನ ಹೆದ್ದಾರಿಯೇ ಮುಚ್ಚಿತ್ತು. ಒಂದೇ ರಸ್ತೆ ನಂಬಿಕೊಂಡರೆ ಆಗುವುದಿಲ್ಲ.

ಶಿರೂರಿನಿಂದ ಕಲಿಯಬೇಕಾದ್ದು ಎರಡಿದೆ. ಅಲ್ಲಿ ಗುಡ್ಡ ಬಿದ್ದದ್ದು ಹೆದ್ದಾರಿ ಬದಿಯ ಚಹಾ ಅಂಗಡಿ ಮತ್ತು ನಿಲ್ಲಿಸಿದ್ದ ವಾಹನಗಳ ಮೇಲೆ. ಮಳೆ ಕಡಿಮೆಯಾಗಲಿ ಅಂತ ಕಾಯಲು ಬರೆಯ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ. ಎರಡನೆಯದು, ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಗುಡ್ಡ ಹೊಳೆಯ ಆಚೆ ಇದೆ, ನಮಗೇನು ಅನ್ನುವ ಹಾಗಿಲ್ಲ.

ಹಂತ 6: ಬಾಗಿಲ ಬಳಿಯ ಚೀಲ

ಒಬ್ಬರು ಒಂದು ಕೈಯಲ್ಲಿ ಎತ್ತುವಷ್ಟೇ ತೂಕ ಇರಲಿ. ದೊಡ್ಡ ಸೂಟ್‌ಕೇಸ್ ತುಂಬಿಟ್ಟರೆ ಹೊರಡುವ ಹೊತ್ತಿಗೆ ಅದೇ ಹೊರೆ.

ಮೊದಲು ಔಷಧಿ: ಬಿಪಿ, ಸಕ್ಕರೆ ಕಾಯಿಲೆ, ಫಿಟ್ಸ್, ಹೃದಯದ್ದು, ಕನಿಷ್ಠ ಹದಿನೈದು ದಿನದ್ದು, ಜೊತೆಗೆ ಚೀಟಿಯ ನಕಲು. ಆಮೇಲೆ ಟಾರ್ಚ್, ಪವರ್ ಬ್ಯಾಂಕ್, ಸಣ್ಣ ರೇಡಿಯೋ, ಸೀಟಿ, ಮಕ್ಕಳಿಗೊಂದು ಜೊತೆ ಒಣ ಬಟ್ಟೆ, ಕನ್ನಡಕ, ಹೆಣ್ಣುಮಕ್ಕಳಿಗೆ ಪ್ಯಾಡು, ಸ್ವಲ್ಪ ಚಿಲ್ಲರೆ ನೋಟು. ನೆಟ್‌ವರ್ಕ್ ಇಲ್ಲದಿದ್ದರೆ ಯುಪಿಐ ನಡೆಯುವುದಿಲ್ಲ, ನೆನಪಿರಲಿ. ಸೀಟಿ ಯಾಕೆ ಅಂತ ಕೇಳುತ್ತಾರೆ. ಮಣ್ಣಿನಡಿ, ಮರದಡಿ ಸಿಕ್ಕಿಕೊಂಡವರಿಗೆ ಕೂಗಿ ಕೂಗಿ ಗಂಟಲು ಹೋಗುತ್ತದೆ, ಸೀಟಿ ಊದಲು ಅಷ್ಟು ಶಕ್ತಿ ಬೇಡ.

ಕಾಗದಪತ್ರ ಬೇರೆಯೇ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಇರಲಿ: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಮನೆಯ ಇ-ಸ್ವತ್ತು, ವಿಮೆ ಪಾಲಿಸಿ, ಮಕ್ಕಳ ಅಂಕಪಟ್ಟಿ. ಎಲ್ಲದರ ಫೋಟೋ ತೆಗೆದು ಬೇರೆ ಊರಲ್ಲಿರುವ ಮನೆಯವರ ಫೋನಿಗೂ ಕಳಿಸಿಡಿ. ಸಿಗುವಷ್ಟನ್ನು ಡಿಜಿಲಾಕರ್‌ಗೆ ಹಾಕಿ.

ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆಯಾ? ನಾಳೆ ಪರಿಹಾರ ಬರುವ ಹೊತ್ತಿಗೆ ಅದು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವ ಕೆಲಸ, ಬೇಸಿಗೆಯಲ್ಲೇ ಮುಗಿಸಿ.

ಹಂತ 7: ರಸ್ತೆ ಕಡಿದು ಹೋದರೆ

ಎಷ್ಟೋ ಮನೆಗಳಿಗೆ ಗುಡ್ಡದ ಭಯ ಇರುವುದಿಲ್ಲ, ಆದರೆ ವಾರಗಟ್ಟಲೆ ಕರೆಂಟ್, ರಸ್ತೆ, ಫೋನ್ ಇರುವುದಿಲ್ಲ. ಹತ್ತು ದಿನದ ಅಕ್ಕಿ, ಬೇಳೆ, ಉಪ್ಪು, ಎಣ್ಣೆ, ಬೆಂಕಿಪೊಟ್ಟಣ, ಒಣ ಸೌದೆ ಮನೆಯಲ್ಲಿ ಇರಲಿ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮರೆಯುವುದು ಕುಡಿಯುವ ನೀರನ್ನು. ಮಳೆ ಧೋ ಎಂದು ಸುರಿಯುತ್ತಿರುತ್ತದೆ, ಬಾವಿ ಕೆಂಪಾಗಿರುತ್ತದೆ, ಪಂಪ್‌ಗೆ ಕರೆಂಟ್ ಇರುವುದಿಲ್ಲ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ಮೂರು ದಿನದ್ದನ್ನಾದರೂ ಮುಚ್ಚಳ ಇರುವ ಪಾತ್ರೆಯಲ್ಲಿ ಹಿಡಿದಿಡಿ. ಕುದಿಸುವಾಗ ಕುದಿ ಬಂದ ಮೇಲೆ ಒಂದು ನಿಮಿಷ ಚೆನ್ನಾಗಿ ಮರಳಲಿ.

ಮಗುವಿಗೋ ದೊಡ್ಡವರಿಗೋ ಭೇದಿ ಶುರುವಾಗಿ ಓಆರ್‌ಎಸ್ ಸಿಗದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚು ಹಾಕಬೇಡಿ, ಮಕ್ಕಳಿಗೆ ಅಪಾಯ.

ಜನರೇಟರ್ ಮನೆಯೊಳಗೆ, ಜಗಲಿಯಲ್ಲಿ, ಕಿಟಕಿ ಪಕ್ಕ ಓಡಿಸಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಫೋನ್ ಸಿಗ್ನಲ್ ಕ್ಷೀಣವಾಗಿದ್ದಾಗ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುತ್ತದೆ. ಎಲ್ಲರೂ ದೂರದ ಊರಿನ ಒಬ್ಬರಿಗೆ ಮಾತ್ರ ಸುದ್ದಿ ಕೊಡುವುದು, ಅವರು ಉಳಿದವರಿಗೆ ಹೇಳುವುದು ಅಂತ ಮಾಡಿಕೊಳ್ಳಿ. ಈ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಎಲ್ಲ ತುರ್ತಿಗೂ 112, ಆಂಬುಲೆನ್ಸ್ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ವಿದ್ಯುತ್ 1912, ಗ್ಯಾಸ್ ಸೋರಿಕೆ 1906.

ಹಂತ 8: ದನಕರು, ನಾಯಿ

ಕೊಟ್ಟಿಗೆ ಬಿಟ್ಟು ಬರಲು ಮನಸ್ಸು ಒಪ್ಪದೆ ಮನೆಯಲ್ಲೇ ಉಳಿಯುವವರು ತುಂಬ ಜನ. ಅದಕ್ಕೆ ಮೊದಲ ಗೆರೆ ದಾಟಿದ ದಿನವೇ ದನಗಳನ್ನು ಎತ್ತರದ, ಬರೆ ಇಲ್ಲದ ಜಾಗಕ್ಕೆ ಹೊಡೆದುಬಿಡಿ. ಯಾರ ಗದ್ದೆ, ಯಾರ ಶೆಡ್ ಅಂತ ಮೊದಲೇ ಮಾತಾಗಿರಲಿ. ಅವಸರದಲ್ಲಿ ಹೊರಡಬೇಕಾಗಿ ಬಂದರೆ ಹಗ್ಗ ಬಿಚ್ಚಿ, ಬಿಚ್ಚಲಾಗದಿದ್ದರೆ ಕತ್ತಿಯಿಂದ ಕಡಿಯಿರಿ. ಕೊಟ್ಟಿಗೆಯ ಕಂಬಕ್ಕೆ ಅದಕ್ಕೆಂದೇ ಒಂದು ಕತ್ತಿ ಸಿಕ್ಕಿಸಿರಲಿ. ಬಿಟ್ಟ ದನ ತಾನೇ ಎತ್ತರಕ್ಕೆ ಹೋಗಬಹುದು, ಕಟ್ಟಿದ ದನಕ್ಕೆ ಆ ದಾರಿಯೂ ಇಲ್ಲ. ನಾಯಿಯ ಸರಪಳಿಯನ್ನು ಮರೆಯಬೇಡಿ. ಕಿವಿ ಓಲೆಯ ನಂಬರ್ ಕಾಣುವ ಹಾಗೆ ಒಂದೊಂದು ದನದ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 9: ಹೊರಡುವ ಹೊತ್ತಿನಲ್ಲಿ

ಮೇನ್ ಸ್ವಿಚ್ ಆರಿಸಿ. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ನೀರು ಬರುವ ಜಾಗವಾದರೆ ಸಿಲಿಂಡರನ್ನು ಕಂಬಕ್ಕೆ ಕಟ್ಟಿ, ಅದು ತೇಲುತ್ತದೆ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದರೆ ಹುಡುಕಲು ಬರುವವರಿಗೆ ಅನುಕೂಲ. ಇದಿಷ್ಟಕ್ಕೆ ಐದು ನಿಮಿಷ. ಗುಡ್ಡ ಆಗಲೇ ಸದ್ದು ಮಾಡುತ್ತಿದ್ದರೆ ಇದ್ಯಾವುದೂ ಬೇಡ.

ಗುಡ್ಡ ಇಳಿಯುವಾಗ ಇಳಿಜಾರಿನಲ್ಲಿ ಕೆಳಗೆ ಓಡಬೇಡಿ, ಮಣ್ಣು ನಿಮಗಿಂತ ವೇಗವಾಗಿ ಅದೇ ದಾರಿಯಲ್ಲಿ ಬರುತ್ತದೆ. ಪಕ್ಕಕ್ಕೆ ಓಡಿ, ಹಳ್ಳದಿಂದ ದೂರ, ಎತ್ತರದ ದಿಬ್ಬದ ಕಡೆಗೆ. ಹೊರಗೆ ಹೋಗಲು ಆಗದೇ ಇದ್ದರೆ ಗುಡ್ಡದಿಂದ ದೂರ ಇರುವ ಬದಿಯ ಕೋಣೆಗೆ, ಮಹಡಿ ಇದ್ದರೆ ಮಹಡಿಗೆ ಹೋಗಿ, ಗಟ್ಟಿ ಮೇಜಿನಡಿ ತಲೆ ಮುಚ್ಚಿಕೊಂಡು ಕೂರಿ.

ಹರಿಯುವ ನೀರನ್ನು ಹಗುರವಾಗಿ ನೋಡಬೇಡಿ. ರಭಸದ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಬೀಳಿಸುತ್ತದೆ, ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ. ನೀರಿನಡಿ ಸೇತುವೆ ಇನ್ನೂ ಇದೆಯಾ ಇಲ್ಲವಾ ಅಂತ ಮೇಲಿಂದ ಕಾಣುವುದೂ ಇಲ್ಲ. ಬಿದ್ದ ಕರೆಂಟ್ ತಂತಿಯಿಂದ ಹತ್ತು ಮೀಟರ್ ದೂರ ಇರಿ, ಅದು ಸತ್ತ ತಂತಿಯ ಹಾಗೆ ಕಂಡರೂ.

ಹಂತ 10: ವಾಪಸ್ ಬಂದ ಮೇಲೆ

ಮಳೆ ನಿಂತ ದಿನವೇ ಮನೆಗೆ ಓಡಬೇಡಿ. ಒಳಗಿನ ನೀರು ಇಳಿಯಲು ದಿನಗಳು ಬೇಕು, ಬಿಸಿಲು ಬಂದ ಮೇಲೂ ಬರೆ ಬೀಳುತ್ತದೆ. ಹಗಲಿನಲ್ಲಿ ಹೋಗಿ, ಮೊದಲು ಹೊರಗಿನಿಂದ ಸುತ್ತ ನೋಡಿ. ಕೆಸರು ತುಂಬಿದ ಮನೆಯಲ್ಲಿ ಮೂಲೆ, ಹಾಸಿಗೆ, ಬೂಟು ಎಲ್ಲದರಲ್ಲೂ ಹಾವು ಇರಬಹುದು, ಕೋಲಿನಿಂದ ತಟ್ಟಿ ನೋಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಅದು ಇಲಿಜ್ವರ ಇರಬಹುದು, ಡಾಕ್ಟರಿಗೆ ಕೆಸರಿನ ವಿಷಯ ಹೇಳಿ.

ತೊಳೆಯುವ ಮುಂಚೆ ಫೋಟೋ. ಮನೆಯ ನಾಲ್ಕು ಬದಿ, ಬಿದ್ದ ಗೋಡೆ, ಹಾಳಾದ ಸಾಮಾನು, ಸತ್ತ ದನ, ಮಣ್ಣು ತುಂಬಿದ ಗದ್ದೆ, ಎಲ್ಲ. ಕೂಡಲೇ ಗ್ರಾಮ ಆಡಳಿತ ಅಧಿಕಾರಿಗೆ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವು) ತಿಳಿಸಿ, ಬರಹದಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸಿದ ನಕಲು ಇಟ್ಟುಕೊಳ್ಳಿ. ಬಾಯಿಮಾತಲ್ಲಿ ಹೇಳಿದ್ದೇನೆ ಅಂದರೆ ಆಮೇಲೆ ಕೇಳಲು ದಾಖಲೆ ಇರುವುದಿಲ್ಲ. ಸ್ಥಳ ಪರಿಶೀಲನೆಗೆ ಬಂದಾಗ ಮನೆಯವರೊಬ್ಬರು ಅಲ್ಲಿರಿ, ಹಾನಿ ಭಾಗಶಃ ಅಂತ ಬರೆದರಾ ಪೂರ್ತಿ ಅಂತ ಬರೆದರಾ ಕೇಳಿ ತಿಳಿದುಕೊಳ್ಳಿ. ಪರಿಹಾರದ ಮೊತ್ತ ಅದರ ಮೇಲೇ ನಿಲ್ಲುತ್ತದೆ. ಸತ್ತ ದನವನ್ನು ಪಶುವೈದ್ಯರು ನೋಡಿ ಪತ್ರ ಕೊಡುವ ತನಕ ಹೂಳಬೇಡಿ.

ಬಾವಿಗೆ ಪ್ರವಾಹದ ನೀರು ಹೋಗಿದ್ದರೆ ಕೆಸರು ನೀರನ್ನು ತೆಗೆಯಬೇಕು, ಆದರೆ ಒಂದೇ ಸಲಕ್ಕೆ ತಳ ಕಾಣುವಷ್ಟು ಬೇಡ. ಸುತ್ತಲಿನ ಮಣ್ಣು ನೆನೆದು ಭಾರವಾಗಿರುವಾಗ ಒಳಗಿನ ನೀರು ಖಾಲಿಯಾದರೆ ಬಾವಿಯ ಗೋಡೆ ಒಳಕ್ಕೆ ಕುಸಿಯಬಹುದು. ಎರಡು ಮೂರು ದಿನ ಸ್ವಲ್ಪ ಸ್ವಲ್ಪ ತೆಗೆಯಿರಿ. ತಿಳಿಯಾದ ಮೇಲೆ ಬ್ಲೀಚಿಂಗ್ ಪೌಡರ್. ಲೆಕ್ಕ ಹೀಗೆ: ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 0.785ರಿಂದ ಗುಣಿಸಿ. ಅಳತೆ ಮೀಟರ್‌ನಲ್ಲಿದ್ದರೆ ಸಿಗುವುದು ಎಷ್ಟು ಸಾವಿರ ಲೀಟರ್ ಅಂತ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರು ಇದ್ದರೆ ಸುಮಾರು 28 ಸಾವಿರ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರ್, ಅಂದರೆ 70 ಗ್ರಾಂ. ಬಕೆಟಿನಲ್ಲಿ ಮೊದಲು ಹಿಟ್ಟಿನ ಹಾಗೆ ಕಲಸಿ, ಆಮೇಲೆ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಸುರಿದುಕೊಂಡು, ಹಗ್ಗದಲ್ಲಿ ಬಾವಿಯ ನೀರಿನ ಒಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ಕನಿಷ್ಠ ಒಂದು ಗಂಟೆ ಆ ನೀರು ಮುಟ್ಟಬೇಡಿ. ಪುಡಿಯನ್ನು ಸುಮ್ನೆ ಮೇಲಿಂದ ಎರಚಿದರೆ ಸುಣ್ಣವೆಲ್ಲ ಬಾವಿ ಸೇರುತ್ತದೆ, ಕೆಲಸವೂ ಆಗುವುದಿಲ್ಲ. ತುಂಬ ಕೆಟ್ಟ ನೀರಿಗೆ ಈ ಪ್ರಮಾಣ ಸಾಲದಿರಬಹುದು. ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ ಕ್ಲೋರಿನ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ.

ಗೋಡೆಯ ಪೆನ್ಸಿಲ್ ಗೆರೆಗಳನ್ನು, ಗುಡ್ಡದ ಮೇಲಿನ ಗೂಟಗಳನ್ನು ಅಳಿಸಬೇಡಿ, ಕೀಳಬೇಡಿ. ನವೆಂಬರ್‌ನಲ್ಲಿ ಇನ್ನೊಮ್ಮೆ ಅಳೆದು ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಮೇ ತಿಂಗಳಿನ ಅಳತೆಗಿಂತ ಜಾಸ್ತಿ ಆಗಿದ್ದರೆ ಆ ನೋಟ್‌ಬುಕ್ ಹಿಡಿದುಕೊಂಡೇ ಪಂಚಾಯಿತಿಗೆ, ತಹಶೀಲ್ದಾರರ ಕಚೇರಿಗೆ ಹೋಗಿ, ಭೂವಿಜ್ಞಾನಿಗಳಿಂದ ಜಾಗದ ಪರಿಶೀಲನೆ ಮಾಡಿಸಿಕೊಡಿ ಅಂತ ಅರ್ಜಿ ಕೊಡಿ. ತಾರೀಖು, ಅಳತೆ ಎರಡೂ ಇರುವ ಅರ್ಜಿಯನ್ನು ಪಕ್ಕಕ್ಕಿಡುವುದು ಅಷ್ಟು ಸುಲಭವಲ್ಲ.